ಕೊಡದ ಬಾಯಿಗೆ ಕಟ್ಟಿದ ಬಟ್ಟೆ

ನಾರುಹುಣ್ಣಿಗೆ ಲಸಿಕೆ ಇಲ್ಲ. ಮೈಯೊಳಗಿನ ಹುಳುವನ್ನು ಕೊಲ್ಲುವ ಮಾತ್ರೆ ಇಲ್ಲ. ದೇಹ ಈ ಹುಳುವಿನ ವಿರುದ್ಧ ನಿರೋಧಕ ಶಕ್ತಿ ಬೆಳೆಸಿಕೊಳ್ಳದ ಕಾರಣ, ಒಮ್ಮೆ ಬಂದು ಹೋದವರಿಗೆ ಮತ್ತೆ ಬರುವುದಿಲ್ಲ ಎಂಬ ಭರವಸೆಯೂ ಇಲ್ಲ. ಇಷ್ಟಾದರೂ 1996ರ ಜುಲೈ ನಂತರ ಭಾರತದಲ್ಲಿ ಈ ರೋಗ ಕಾಣಿಸಿಕೊಂಡಿಲ್ಲ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. ಮದ್ದಿಲ್ಲದ ಕಾಯಿಲೆಯೊಂದನ್ನು ಓಡಿಸಿದ್ದು ಬಹುಮಟ್ಟಿಗೆ ನೀರು ಸೋಸುವ ಬಟ್ಟೆ, ಮೆಟ್ಟಿಲು ಮುಚ್ಚಿದ ಬಾವಿ ಮತ್ತು ಮನೆಮನೆಗೆ ಹೋಗಿ ಹೇಳಿದ ಮಾತು. ಸಾರ್ವಜನಿಕ ಆರೋಗ್ಯ ಶಿಕ್ಷಣದ ಚರಿತ್ರೆಯಲ್ಲಿ ಇದಕ್ಕಿಂತ ಗಟ್ಟಿ ಗೆಲುವು ಸಿಗುವುದು ಕಷ್ಟ.

ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮ 1983–84ರಲ್ಲಿ ಶುರುವಾದಾಗ ರೋಗವಿದ್ದದ್ದು ಏಳು ರಾಜ್ಯಗಳಲ್ಲಿ: ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡು ಮತ್ತು ಕರ್ನಾಟಕ. 1984ರಲ್ಲಿ 12,000ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳು ಪತ್ತೆಯಾಗಿದ್ದರು. ಕರ್ನಾಟಕದಲ್ಲಿ ಅದರ ಭಾರ ಹೊತ್ತದ್ದು ಉತ್ತರದ ಬಯಲುಸೀಮೆ.

ಅದಕ್ಕೆ ಕಾರಣ ಅಲ್ಲಿನ ನೆಲ ಮತ್ತು ನೀರು. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಬೆಳವಣಕಿಯಂಥ ಊರುಗಳ ಸುತ್ತ ಇರುವುದು ಎರಿ ಭೂಮಿ. ಜೋಳ, ಕಡಲೆ, ಹತ್ತಿ, ಕುಸುಬಿಗೆ ಹೇಳಿ ಮಾಡಿಸಿದ ನೆಲ ಅದು. ಆದರೆ ಅಲ್ಲಿ ಬಾವಿ ತೋಡಿದರೆ ಬಹಳ ಕಡೆ ಸಿಗುವುದು ಸವಳು ನೀರು. ಬಾಯಿಗೆ ಹಿಡಿಸುವುದಿಲ್ಲ, ಆ ನೀರಿನಲ್ಲಿ ಬೇಳೆಯೂ ಬೇಯುವುದಿಲ್ಲ. ಹೀಗಾಗಿ ಊರವರು ಮಳೆಯ ನೀರನ್ನು ಕೆರೆಯಲ್ಲಿ ಹಿಡಿದಿಟ್ಟುಕೊಂಡು ವರ್ಷಪೂರ್ತಿ ಕುಡಿದರು. ಕೆರೆಗೆ, ಹೊಂಡಕ್ಕೆ, ಹಳೆಯ ಬಾವಿಗೆ ಪಾವಟಿಗೆಗಳಿದ್ದವು. ಈ ಸೀಮೆಯ ಮೆಟ್ಟಿಲು ಬಾವಿಗಳ ಪರಂಪರೆ ದೊಡ್ಡದು. ಸೂಡಿಯ ನಾಗಕುಂಡ, ಲಕ್ಕುಂಡಿಯ ಮುಸುಕಿನ ಬಾವಿ ಕಲ್ಯಾಣ ಚಾಲುಕ್ಯರ ಕಾಲದ ಕಲ್ಲುಕೆಲಸದ ಹೆಮ್ಮೆಗಳು. ಆ ವಾಸ್ತುವಿನ ಗುಣವೇ ಮನುಷ್ಯನನ್ನು ನೀರಿನ ಅಂಚಿನವರೆಗೆ ಇಳಿಸುವುದು. ನಾರುಹುಣ್ಣಿನ ಹುಳುವಿಗೂ ಬೇಕಾದದ್ದು ಅದೇ: ಕುಡಿಯುವ ನೀರಿಗೆ ಮನುಷ್ಯನ ಕಾಲು ತಾಗಬೇಕು.

ಈ ಹುಳುವಿನ ಬದುಕಿಗೆ ಎರಡು ಮನೆ. ಮೊದಲನೆಯದು ಸೈಕ್ಲಾಪ್ಸ್ ಎಂಬ ನೀರುಚಿಗಟ. ಉದ್ದ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ನಿಂತ ನೀರಿನಲ್ಲಿ ಪುಟಿಯುತ್ತ ಓಡಾಡುವ ಜೀವಿ. ನಾರುಹುಳುವಿನ ಮರಿಗಳನ್ನು ಅದು ನುಂಗುತ್ತದೆ. ಮುಂದಿನ ಎರಡು ವಾರಗಳಲ್ಲಿ ಮರಿ ಸೋಂಕು ತಗುಲಿಸುವಷ್ಟು ಬೆಳೆಯುತ್ತದೆ. ಆ ನೀರನ್ನು ಮನುಷ್ಯ ಕುಡಿದರೆ ಜಠರದಲ್ಲಿ ಚಿಗಟ ಸಾಯುತ್ತದೆ, ಮರಿ ಬದುಕುತ್ತದೆ. ಕರುಳಿನ ಗೋಡೆ ಕೊರೆದು ಒಳಮೈ ಸೇರುತ್ತದೆ. ಗಂಡು ಹೆಣ್ಣು ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ಸದ್ದಿಲ್ಲದೆ ಬೆಳೆಯುತ್ತ ಒಂದು ವರ್ಷದ ಹೊತ್ತಿಗೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದವಾಗಿ, ಸಾಮಾನ್ಯವಾಗಿ ಮೊಣಕಾಲಿನ ಕೆಳಗೆ ಬಂದು ಚರ್ಮದಡಿ ನಿಲ್ಲುತ್ತದೆ. ಅಲ್ಲಿ ಬೊಬ್ಬೆ ಏಳುತ್ತದೆ. ಬೆಂಕಿ ಇಟ್ಟಂಥ ಉರಿ. ಉರಿ ತಾಳಲಾರದವರು ಕಾಲನ್ನು ನೀರಿಗೆ ಇಳಿಬಿಡುತ್ತಾರೆ. ನೀರು ತಾಗುತ್ತಲೇ ಬೊಬ್ಬೆ ಒಡೆದು ಹುಳು ಲಕ್ಷಗಟ್ಟಲೆ ಮರಿಗಳನ್ನು ಹೊರಬಿಡುತ್ತದೆ. ಕೊಡ ತುಂಬಿಕೊಳ್ಳಲು ಕೆರೆಗೆ ಇಳಿದವರ ಕಾಲಲ್ಲಿ ಹುಣ್ಣಿದ್ದರೆ ಆ ಕೆರೆಯ ಮುಂದಿನ ವರ್ಷದ ಗತಿ ಅಲ್ಲಿಗೆ ತೀರ್ಮಾನವಾದಂತೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಚಿಗಟಗಳ ದಟ್ಟಣೆ ಹೆಚ್ಚುತ್ತದೆ. ಜನ ಇನ್ನಷ್ಟು ಒಳಕ್ಕೆ ಇಳಿಯುತ್ತಾರೆ. ಮೆಟ್ಟಿಲು ಬಾವಿಯ ಸೀಮೆಯಲ್ಲಿ ಸೋಂಕಿನ ಸುಗ್ಗಿ ಆಗಲೇ.

ಹುಳುವನ್ನು ಹೊರತೆಗೆಯುವ ವಿಧಾನ ಸಾವಿರಾರು ವರ್ಷಗಳಿಂದ ಬದಲಾಗಿಲ್ಲ. ಹುಣ್ಣಿನ ಬಾಯಲ್ಲಿ ನೂಲಿನಂತೆ ಕಾಣುವ ಬಿಳಿಯ ತುದಿಯನ್ನು ಹಿಡಿದು ಒಂದು ಸಣ್ಣ ಕಡ್ಡಿಗೆ ಸುತ್ತಬೇಕು. ದಿನಕ್ಕೆ ಕೆಲವೇ ಸೆಂಟಿಮೀಟರ್. ಎಳೆದಾಗ ಬಿಗಿ ಹೆಚ್ಚಿತೆನಿಸಿದರೆ ಕೈಬಿಟ್ಟು, ಕಡ್ಡಿಯನ್ನು ಹುಣ್ಣಿನ ಪಕ್ಕ ಕಟ್ಟಿ, ಮರುದಿನ ಮತ್ತೆ ಒಂದು ಸುತ್ತು. ಪೂರ್ತಿ ಹೊರಬರಲು ವಾರಗಳೇ ಹಿಡಿಯುತ್ತವೆ. ಅವಸರದಲ್ಲಿ ಹುಳು ತುಂಡಾದರೆ ಒಳಗುಳಿದ ಭಾಗ ಕೀವು ಕಟ್ಟಿ ಕಾಲು ಬಾಯುತ್ತದೆ; ಕೆಲವರಿಗೆ ಕೀಲು ಸೆಟೆದು ಕಾಲು ಮಡಚಲಾಗದಂತೆ ಉಳಿದದ್ದೂ ಉಂಟು. ಇದರಿಂದ ಸಾಯುವವರು ಅಪರೂಪ. ಆದರೆ ಬಿತ್ತುವ, ಕಳೆ ಕೀಳುವ ದಿನಗಳಲ್ಲಿ ಮನೆಯ ದುಡಿಯುವ ಆಳು ತಿಂಗಳುಗಟ್ಟಲೆ ಮಲಗಿದರೆ ಆ ಮನೆಯ ವರ್ಷವೇ ಹೋದಂತೆ. ಈ ರೋಗ ಬಡವರ ಹೊಟ್ಟೆಗೆ ಹೊಡೆಯುತ್ತಿತ್ತು.

ಆರೋಗ್ಯ ಶಿಕ್ಷಣಕ್ಕೆ ಇದರಷ್ಟು ಕಠಿಣ ವಿಷಯ ಬೇರೆ ಇಲ್ಲ. ನೀರು ಕುಡಿದದ್ದು ಹೋದ ಬೇಸಿಗೆಯಲ್ಲಿ, ಹುಳು ಕಂಡದ್ದು ಈ ಬೇಸಿಗೆಯಲ್ಲಿ. ಎರಡನ್ನೂ ಜೋಡಿಸಿ ನೋಡುವುದು ಯಾರಿಗೂ ಸಹಜವಲ್ಲ. ಒಂದೇ ಕೆರೆಯ ನೀರು ಕುಡಿದ ಮನೆಯಲ್ಲಿ ಒಬ್ಬರಿಗೆ ಹುಣ್ಣು, ಇನ್ನೊಬ್ಬರಿಗೆ ಏನೂ ಇಲ್ಲ. ಹಾಗಿರುವಾಗ ಶಾಪವೆಂದೋ ಮೈಯ ಉಷ್ಣವೆಂದೋ ಜನ ತಿಳಿದದ್ದರಲ್ಲಿ ದಡ್ಡತನವಿಲ್ಲ. ಕಣ್ಣೆದುರಿನ ಸಾಕ್ಷ್ಯ ಹಾಗಿತ್ತು. “ಅಜ್ಜ ಮುತ್ತಜ್ಜರ ಕಾಲದಿಂದ ಇದ ನೀರ ಕುಡದೇವಿ, ಅವರಿಗೆಲ್ಲಾ ಏನಾತು?” ಎಂಬ ಪ್ರಶ್ನೆಗೆ ಕರಪತ್ರದಲ್ಲಿ ಉತ್ತರ ಸಿಗುವುದಿಲ್ಲ. ವಿಜ್ಞಾನಕ್ಕೇ ಈ ಕೊಂಡಿ ಸಿಕ್ಕದ್ದು ತಡವಾಗಿ. ಪ್ರಾಚೀನ ಈಜಿಪ್ಟಿನವರಿಗೂ ಗೊತ್ತಿದ್ದ ಈ ಹುಳು ನೀರುಚಿಗಟದ ಮೂಲಕ ಹರಡುತ್ತದೆ ಎಂದು ರಷ್ಯದ ಅಲೆಕ್ಸಿ ಫೆಡ್ಚೆಂಕೊ ತುರ್ಕಸ್ತಾನದಲ್ಲಿ ಕಂಡುಹಿಡಿದದ್ದು 1870ರಲ್ಲಿ.

ಉತ್ತರ ಸಿಕ್ಕದ್ದು ಗಾಜಿನ ಲೋಟದಲ್ಲಿ. ಅದೇ ಕೆರೆಯ ನೀರನ್ನು ಲೋಟಕ್ಕೆ ತುಂಬಿ ಬಿಸಿಲಿಗೆ ಹಿಡಿದರೆ ಬಿಳಿಯ ಚುಕ್ಕೆಗಳು ಚಿಮ್ಮುತ್ತ ಓಡಾಡುವುದು ಬರಿಗಣ್ಣಿಗೆ ಕಾಣುತ್ತದೆ. ಆ ನೀರನ್ನು ಜನರ ಮುಂದೆಯೇ ಬಟ್ಟೆಯಲ್ಲಿ ಸೋಸಿ ಮತ್ತೆ ತೋರಿಸಿದರೆ ಚುಕ್ಕೆಗಳಿಲ್ಲ. ಶಾಪದ ಬಗ್ಗೆ ವಾದಿಸುವ ಅಗತ್ಯವೇ ಬೀಳುವುದಿಲ್ಲ. ಕೊಡದ ಬಾಯಿಗೆ ಒತ್ತು ನೇಯ್ಗೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಬೇಕು. ಒಮ್ಮೆ ಮೇಲಾದ ಬದಿಯೇ ಯಾವಾಗಲೂ ಮೇಲಿರಬೇಕು. ತಿರುಗಿಸಿ ಕಟ್ಟಿದರೆ ಮೇಲೆ ಸಿಕ್ಕಿಬಿದ್ದ ಚಿಗಟಗಳು ಕೊಡದೊಳಕ್ಕೇ ಇಳಿಯುತ್ತವೆ. ಹೊಲಕ್ಕೆ ಹೋದಾಗ ಹಳ್ಳದ ನೀರನ್ನೂ ಸೋಸದೆ ಕುಡಿಯಬಾರದು. ಹುಣ್ಣಿದ್ದವರು ನೀರಿಗೆ ಇಳಿಯಬಾರದು, ಅವರ ಕೊಡವನ್ನು ಬೇರೆಯವರು ತುಂಬಿಕೊಡಬೇಕು. ಇಡೀ ಪಾಠ ಇಷ್ಟೇ. ಇದನ್ನು ಕಲಿತು ನಡೆಸಿದವರು ನೀರು ತರುವ ಹೆಂಗಸರು. ಕಾರ್ಯಕ್ರಮದ ಯಶಸ್ಸಿನ ದೊಡ್ಡ ಪಾಲು ಅವರದೇ ಎಂದು ಒಪ್ಪಿಕೊಳ್ಳಬೇಕು.

ಮಾತಿನ ಜೊತೆಗೆ ಕೆಲಸವೂ ನಡೆಯಿತು. ಆರೋಗ್ಯ ಕಾರ್ಯಕರ್ತರು ವರ್ಷಕ್ಕೆ ಹಲವು ಸುತ್ತು ಮನೆಮನೆ ತಿರುಗಿ ರೋಗಿಗಳನ್ನು ಹುಡುಕಿದರು. ಮೆಟ್ಟಿಲು ಬಾವಿಗಳ ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ಸೇದುವ ಬಾವಿಗಳನ್ನಾಗಿ ಮಾಡಲಾಯಿತು. ಚಿಗಟ ಕೊಲ್ಲಲು ಟೆಮಿಫಾಸ್ ಎಂಬ ಔಷಧವನ್ನು ಮನುಷ್ಯರಿಗೆ ಹಾನಿಯಾಗದಷ್ಟು ಅಳತೆಯಲ್ಲಿ ನೀರಿಗೆ ಬೆರೆಸಿದರು. ಕೊಳವೆ ಬಾವಿ ಕೊರೆದು ಕೈಪಂಪು ನಿಲ್ಲಿಸಿದರು. ರೋಗಿಗಳು ವಿರಳವಾದಂತೆ, ಹೊಸ ಪ್ರಕರಣ ತಿಳಿಸಿದವರಿಗೆ ನಗದು ಬಹುಮಾನ ಘೋಷಿಸಲಾಯಿತು. ದೇಶದ ಕಟ್ಟಕಡೆಯ ರೋಗಿ ಸಿಕ್ಕದ್ದು ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ.

ಆಫ್ರಿಕಾದಲ್ಲಿ ಇದೇ ಹೋರಾಟ ಇನ್ನೂ ಮುಗಿದಿಲ್ಲ. 1986ರಲ್ಲಿ ಆಫ್ರಿಕಾ ಮತ್ತು ಏಷ್ಯಾದಲ್ಲಿ ಸುಮಾರು 35 ಲಕ್ಷ ಜನರಿಗೆ ನಾರುಹುಣ್ಣು ಇತ್ತು ಎಂಬ ಅಂದಾಜಿದೆ. ಸಿಡುಬು ನಿರ್ಮೂಲನೆಗೆ ದುಡಿದಿದ್ದ ಅಮೆರಿಕದ ವೈದ್ಯ ಡೊನಾಲ್ಡ್ ಹಾಪ್ಕಿನ್ಸ್ ಅವರ ಮುಂದಾಳತನ, ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಬೆಂಬಲದಿಂದ ಅಲ್ಲಿ ಅಭಿಯಾನ ಬೆಳೆಯಿತು. ಸೂಡಾನಿನಲ್ಲಿ ಅಂತರ್ಯುದ್ಧ ನಡೆದಿದ್ದಾಗ 1995ರಲ್ಲಿ ಎರಡೂ ಕಡೆಯವರು ಹಲವು ತಿಂಗಳು ಬಂದೂಕು ಕೆಳಗಿಟ್ಟು ಆರೋಗ್ಯ ಕಾರ್ಯಕರ್ತರಿಗೆ ದಾರಿ ಬಿಟ್ಟರು. ದನ ಮೇಯಿಸುತ್ತ ಅಲೆಯುವವರಿಗೆ ಕೊರಳಲ್ಲಿ ಕಟ್ಟಿಕೊಳ್ಳುವ ಕೊಳವೆ ಸೋಸುಕ ಕೊಟ್ಟರು. ತುದಿಯಲ್ಲಿ ಜಾಳಿಗೆಯಿರುವ ಅದನ್ನು ನೀರಿಗಿಟ್ಟು ಹೀರಿದರಾಯಿತು. 2021ರಿಂದೀಚೆಗೆ ಜಗತ್ತಿನಲ್ಲಿ ವರ್ಷಕ್ಕೆ 15ಕ್ಕಿಂತ ಹೆಚ್ಚು ರೋಗಿಗಳು ಸಿಕ್ಕಿಲ್ಲ. ಆದರೆ ಚಾಡ್ ದೇಶದಲ್ಲಿ ನಾಯಿಗಳಲ್ಲಿ ಹುಳು ಕಂಡಿತು. ಈ ರೋಗದ ದಾಖಲೆಯೇ ಇರದಿದ್ದ ಅಂಗೋಲಾದಲ್ಲಿ, ನಮೀಬಿಯಾದ ಗಡಿಗೆ ತಾಗಿದ ಕುನೇನೆ ಪ್ರಾಂತ್ಯದಲ್ಲಿ, 2018ರಲ್ಲಿ ಮೊದಲ ಪ್ರಕರಣ ಪತ್ತೆಯಾಯಿತು. ನಿರ್ಮೂಲನೆಯ ಗಡುವು ಮತ್ತೆ ಮತ್ತೆ ಮುಂದೆ ಹೋಗುತ್ತಿರುವುದು ಇದರಿಂದಲೇ.

ಜನರಿಗೆ ಹೇಳುವ ಮೊದಲು ಜನರನ್ನು ಕೇಳಬೇಕು ಎಂಬ ವಿವೇಕವನ್ನು ಒಂದು ಪದ್ಧತಿಯಾಗಿ ಬೆಳೆಸಿದ ಒಂದು ಪ್ರಮುಖ ಕೇಂದ್ರವಿದ್ದದ್ದೂ ಆಫ್ರಿಕಾದ ದಕ್ಷಿಣ ತುದಿಯಲ್ಲಿ. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಫೊಲೆಲಾ ಎಂಬಲ್ಲಿ 1940ರಲ್ಲಿ ಸಿಡ್ನಿ ಕಾರ್ಕ್ ಮತ್ತು ಎಮಿಲಿ ಕಾರ್ಕ್ ಎಂಬ ವೈದ್ಯ ದಂಪತಿ ಜುಲು ಜನರ ನಡುವೆ ಆರೋಗ್ಯ ಕೇಂದ್ರ ತೆರೆದರು. ಅವರೊಂದಿಗೆ ದುಡಿದ ಎಡ್ವರ್ಡ್ ಜಾಲಿ ಮತ್ತು ಅಮೀಲಿಯಾ ಜಾಲಿ ಆಫ್ರಿಕನ್ನರೇ. ರೋಗಿಗಳು ಬರಲೆಂದು ಕಾಯದೆ ಅವರು ಸುತ್ತಲಿನ ಮನೆಗಳ ಗಣತಿ ಮಾಡಿದರು. ಯಾರ ಮನೆಯಲ್ಲಿ ಏನು ಬೆಳೆಯುತ್ತಾರೆ, ಏನು ಉಣ್ಣುತ್ತಾರೆ, ಯಾರು ಗಣಿಗೆ ದುಡಿಯಲು ಹೋಗಿದ್ದಾರೆ, ಯಾವ ಮಗು ಸೊರಗಿದೆ ಎಂದು ಬರೆದುಕೊಂಡರು. ಊರಿನವರನ್ನೇ ಆರೋಗ್ಯ ಶಿಕ್ಷಕರನ್ನಾಗಿ ತಯಾರು ಮಾಡಿದರು. ಮಕ್ಕಳ ಕಾಯಿಲೆಗೆ ಮೂಲ ಅಪೌಷ್ಟಿಕತೆ ಎಂದು ತಿಳಿದ ಮೇಲೆ ತರಕಾರಿ ಬೀಜ ಹಂಚಿ ಹಿತ್ತಲು ಬೆಳೆಸಿದರು.

ಅಲ್ಲಿನ ಅನುಭವಗಳನ್ನು ಫೊಲೆಲಾದಲ್ಲಿದ್ದ ವೈದ್ಯ ಜಾನ್ ಕ್ಯಾಸೆಲ್ ದಾಖಲಿಸಿದ್ದಾರೆ. ಗರ್ಭಿಣಿಯರಿಗೆ ಹಾಲು ಕುಡಿಸಬೇಕಿತ್ತು. ಆದರೆ ಜುಲು ಪದ್ಧತಿಯಂತೆ ಸೊಸೆ ಗಂಡನ ಮನೆಯ ದನದ ಹಾಲು ಮುಟ್ಟುವಂತಿರಲಿಲ್ಲ. ಪದ್ಧತಿಯನ್ನು ಹಳಿಯುತ್ತ ಕೂರದೆ ಕೇಂದ್ರದವರು ಹಾಲಿನ ಪುಡಿ ತಂದುಕೊಟ್ಟರು. ಯಾರ ಹಟ್ಟಿಯದೂ ಅಲ್ಲದ ಪುಡಿಗೆ ನಿಷೇಧ ಅಂಟಲಿಲ್ಲ. ಇನ್ನೊಂದು ಮನೆಯಲ್ಲಿ ಕ್ಷಯವಿದ್ದ ಹುಡುಗಿಯನ್ನು ಆಸ್ಪತ್ರೆಗೆ ಕಳಿಸಲು ತಂದೆ ಒಪ್ಪಲಿಲ್ಲ. ಇವಳಿಂದ ಬೇರೆಯವರಿಗೆ ರೋಗ ಹರಡುತ್ತದೆ ಎಂದು ವೈದ್ಯರು ಹೇಳಿದ್ದೇ ಅಡ್ಡಿಯಾಗಿತ್ತು: ರೋಗ ಹರಡಿಸುವವರು ಮಾಟಗಾರರು ಮಾತ್ರ ಎಂಬುದು ಅಲ್ಲಿನ ತಿಳಿವಳಿಕೆ. ವೈದ್ಯಕೀಯವಾಗಿ ಸರಿಯಿದ್ದ ಮಾತು ಮಗಳ ಮೇಲೆ ಹೊರಿಸಿದ ಆರೋಪವಾಗಿ ಆ ತಂದೆಯ ಕಿವಿಗೆ ಬಿದ್ದಿತ್ತು. ಎಚ್‌ಐವಿ, ಕುಷ್ಠ, ಕ್ಷಯದ ಬಗ್ಗೆ ಮಾತಾಡುವ ಪ್ರತಿ ವೈದ್ಯರೂ ಈ ಘಟನೆಯನ್ನು ಓದಬೇಕು.

ಗಂಡಸರು ಗಣಿಗೆ ಹೋಗಿ ಬರುವುದಕ್ಕೂ ಸಿಫಿಲಿಸ್ ಹರಡುವುದಕ್ಕೂ ಇರುವ ನಂಟನ್ನು ಸಿಡ್ನಿ ಕಾರ್ಕ್ 1949ರ ಲೇಖನವೊಂದರಲ್ಲಿ ಬಿಡಿಸಿ ತೋರಿಸಿದರು. ದಶಕಗಳ ನಂತರ ಎಚ್‌ಐವಿ ಆ ಸೀಮೆಯಲ್ಲಿ ಅದೇ ದಾರಿ ಹಿಡಿಯಿತು. ಮಳೆ ಕೈಕೊಟ್ಟ ವರ್ಷ ಗೋವಾ, ಮಂಗಳೂರು, ಮಹಾರಾಷ್ಟ್ರದ ಕಡೆ ಗುಳೆ ಹೋಗುವ ಉತ್ತರ ಕರ್ನಾಟಕಕ್ಕೆ ಇದು ದೂರದ ಮಾತಾಗಿರಲಿಲ್ಲ. ರೋಣದ ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆ ವಯಸ್ಕರಲ್ಲಿ ಶೇ 3ರ ಆಸುಪಾಸಿನಲ್ಲಿ ಎಚ್‌ಐವಿ ಇರುವುದನ್ನು ಕಂಡಿತು. ಅದು ಹಳ್ಳಿಗಳಲ್ಲೇ ಬೇರು ಬಿಟ್ಟಿತ್ತು. ಫೊಲೆಲಾದ ಪ್ರಯೋಗವಂತೂ ವರ್ಣಭೇದದ ಸರ್ಕಾರದಡಿ ಬಾಡಿತು. ಕಾರ್ಕ್ ದಂಪತಿ 1950ರ ದಶಕದ ಕೊನೆಗೆ ದೇಶ ಬಿಟ್ಟರು. ಅವರ ಪದ್ಧತಿ ಮಾತ್ರ ಸಮುದಾಯ ಆರೋಗ್ಯದ ಪಠ್ಯಗಳಲ್ಲಿ ಉಳಿದುಕೊಂಡಿತು.

ನೀರಿನ ಕಥೆ ಎರಿನಾಡಿನಲ್ಲಿ ನಾರುಹುಣ್ಣಿಗೆ ಮುಗಿಯಲಿಲ್ಲ. ಕೆರೆಯ ನೀರು ಬಿಡಿ, ಬೋರ್ ನೀರು ಕುಡಿಯಿರಿ ಎಂಬುದು ಆ ಕಾಲದ ಸರಿಯಾದ ಸಲಹೆ. ಕಾಲರಾ, ಭೇದಿಯಿಂದಲೂ ಅದು ಅನೇಕ ಮಕ್ಕಳನ್ನು ಉಳಿಸಿದೆ. ಆದರೆ ಕೊಳವೆ ಬಾವಿ ಆಳಕ್ಕೆ ಹೋದಂತೆ ಬಂಡೆಯೊಳಗೆ ಬಹುಕಾಲ ನಿಂತ ನೀರು ಮೇಲೆ ಬಂತು. ಗ್ರಾನೈಟ್, ನೈಸ್ ಶಿಲೆಗಳ ಖನಿಜಗಳಿಂದ ಫ್ಲೋರೈಡ್ ಆ ನೀರಿಗೆ ಇಳಿದಿರುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದಷ್ಟೂ ಅದು ಹೆಚ್ಚು ಕರಗುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಗದಗ ಜಿಲ್ಲೆಯ ಮುಂಡರಗಿ, ರೋಣ ಭಾಗದ ಹಲವು ಕೊಳವೆ ಬಾವಿಗಳ ನೀರು ಈ ಮಿತಿಯನ್ನು ದಾಟುತ್ತದೆ.

ಇಲ್ಲಿಯೂ ಕಾರಣಕ್ಕೂ ಪರಿಣಾಮಕ್ಕೂ ನಡುವೆ ಕಾಲದ ಕಂದಕವಿದೆ, ಅದೂ ಒಂದು ವರ್ಷದ್ದಲ್ಲ. ಶಾಶ್ವತ ಹಲ್ಲುಗಳ ಕವಚ ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆ ಅವಧಿಯಲ್ಲಿ ಕುಡಿದ ನೀರಿನ ಗುರುತು ಹಲ್ಲು ಮೂಡಿದಾಗ ಹಳದಿ, ಕಂದು ಪಟ್ಟಿಯಾಗಿ ಕಾಣುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಲ್ಲು ತಿಕ್ಕುವುದಿಲ್ಲ ಎಂದು ಬೈಸಿಕೊಳ್ಳುವ ಮಕ್ಕಳಲ್ಲಿ ಎಷ್ಟೋ ಮಂದಿಯ ತಪ್ಪು ಏನೂ ಇರುವುದಿಲ್ಲ. ಹೆಚ್ಚಾದ ಫ್ಲೋರೈಡಿನಿಂದಾಗುವ ಎಲುಬಿನ ಕಾಯಿಲೆ, ಅಂದರೆ ಎಲುಬಿನ ಫ್ಲೋರೋಸಿಸ್ ಬರಲು ಇನ್ನೂ ಹೆಚ್ಚು ವರ್ಷ ಬೇಕು. ನಲವತ್ತು ದಾಟಿದವರು ಸೊಂಟ ಹಿಡಿದಿದೆ, ಕುತ್ತಿಗೆ ತಿರುಗುವುದಿಲ್ಲ ಎಂದರೆ ಎಲ್ಲರೂ ವಾತವೆನ್ನುತ್ತಾರೆ. ಭಾರತದಲ್ಲಿ ಈ ಕಾಯಿಲೆಯನ್ನು 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ ಮೊದಲು ವಿವರಿಸಲಾಯಿತು. ನಂತರ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಅಧ್ಯಯನಗಳು ಅಕ್ಕಿ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂದು ತೋರಿಸಿದವು. ಇದರಿಂದ ರೊಟ್ಟಿ ಬಿಡಬೇಕು ಎಂದಾಗುವುದಿಲ್ಲ. ರೊಟ್ಟಿಯ ನಾಡಿನಲ್ಲಿ ನೀರಿನ ಬಗ್ಗೆ ಎಚ್ಚರ ಒಂದು ಪಟ್ಟು ಹೆಚ್ಚಿರಬೇಕು ಎಂದಷ್ಟೇ.

ಸಂಶಯವಿದ್ದವರನ್ನು ಗುರುತಿಸಲು ಮೂರು ಸರಳ ಪರೀಕ್ಷೆಗಳಿವೆ. ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟುವುದು. ಗದ್ದವನ್ನು ಎದೆಗೆ ತಾಗಿಸುವುದು. ಕೈಗಳನ್ನು ಹಿಂದಕ್ಕೆ ತಂದು ತಲೆಯ ಹಿಂಬದಿ ಹಿಡಿಯುವುದು. ಶಾಲೆಯ ಅಂಗಳದಲ್ಲೋ ಗ್ರಾಮಸಭೆಯಲ್ಲೋ ಯಾವ ಉಪಕರಣವೂ ಇಲ್ಲದೆ ಮಾಡಿಸಬಹುದು. ಇವು ರೋಗವನ್ನು ಖಚಿತಪಡಿಸುವುದಿಲ್ಲ, ಆಸ್ಪತ್ರೆಗೆ ಯಾರು ಹೋಗಬೇಕೆಂದು ತಿಳಿಸುತ್ತವೆ. ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿಯಂಥ ಸುಣ್ಣದಂಶ ಮತ್ತು ಸಿ ಜೀವಸತ್ವದ ಆಹಾರ ಹಾನಿಯನ್ನು ತಗ್ಗಿಸುತ್ತದೆ. ಸೆಟೆದ ಎಲುಬನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ.

ಹಳೆಯ ಪಾಠ ಇಲ್ಲಿ ತಲೆಕೆಳಗಾಗುತ್ತದೆ. ಬಟ್ಟೆಯಲ್ಲಿ ಸೋಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಸಾಂದ್ರತೆ ಇನ್ನಷ್ಟು ಏರುತ್ತದೆ. ಬ್ಲೀಚಿಂಗ್ ಪುಡಿಗೂ ಅದು ಜಗ್ಗುವುದಿಲ್ಲ. ಲೋಟ ಬಿಸಿಲಿಗೆ ಹಿಡಿದರೆ ಏನೂ ಕಾಣದ ಸ್ವಚ್ಛ, ತಂಪು ನೀರು. ಕಾಯಿಸಿ ಆರಿಸಿ ಕುಡಿಯಿರಿ ಎಂದು ಒಂದೇ ಉಸಿರಿನಲ್ಲಿ ಎಲ್ಲೆಡೆ ಹೇಳುವ ಆರೋಗ್ಯ ಶಿಕ್ಷಣ ಈ ಊರುಗಳಲ್ಲಿ ಸಾಲದು. ಇಲ್ಲಿ ಆ ಸಲಹೆ ಭೇದಿಗೆ ಸರಿ, ಹಲ್ಲಿಗೆ ತಪ್ಪು.

ಫ್ಲೋರೈಡ್ ತೆಗೆಯುವ ದಾರಿಗಳೂ ಊರೂರಿಗೆ ಬೇರೆ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ ಮತ್ತು ಪಟಿಕ ಬೆರೆಸಿ ಕಲಕಿ, ಗಸಿ ತಂಗಿದ ಮೇಲೆ ತಿಳಿನೀರು ಬಸಿದುಕೊಳ್ಳಬೇಕು. ಅಗ್ಗ ನಿಜ, ಆದರೆ ದಿನವೂ ಮಾಡುವ ಹೊರೆ ಮತ್ತೆ ಹೆಂಗಸರ ಮೇಲೆ. ಕೆನ್ಯಾ, ತಾಂಜಾನಿಯಾಗಳಲ್ಲಿ ದನದ ಎಲುಬಿನ ಇದ್ದಿಲಿನಿಂದ ಸೋಸುವ ವಿಧಾನ ಚೆನ್ನಾಗಿ ನಡೆದಿದೆ. ಎಲುಬು ಮುಟ್ಟಿದ ನೀರನ್ನು ಬೆಳವಣಕಿಯ ಸೀಮೆಯ ಬಹುಪಾಲು ಮನೆಗಳು ಒಳಗೆ ತರಲಾರವು. ಫೊಲೆಲಾದ ಹಾಲಿನ ಪುಡಿಯಂಥ ಉಪಾಯ ಇಲ್ಲಿಗೂ ಬೇಕಿತ್ತು. ಗದಗಿನವರೇ ಆದ ಎಚ್.ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ಹಳ್ಳಿಗಳಲ್ಲಿ ಸಾವಿರಾರು ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿದವು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಘಟಕದೊಳಗೆ ನೀರು ಸೋಸುವ ಪೊರೆ ಕಟ್ಟಿಕೊಂಡಾಗ, ಕರೆಂಟು ಹೋದಾಗ, ರಿಪೇರಿಯವರು ಬಾರದಾಗ ಊರು ಮತ್ತೆ ಬೋರಿಗೇ ಮರಳುತ್ತದೆ. ಘಟಕ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ದಟ್ಟವಾಗಿರುವುದರಿಂದ ಅದನ್ನು ದನ ಕುಡಿಯುವ ತೊಟ್ಟಿಗೆ ಹರಿಸಬಾರದು.

ಹೊಳೆಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಮಲಪ್ರಭಾ, ತುಂಗಭದ್ರಾ ನೀರನ್ನು ಶುದ್ಧೀಕರಿಸಿ ಕೊಳವೆಯಲ್ಲಿ ತರುವ ಬಹುಗ್ರಾಮ ಯೋಜನೆಗಳೇ ಈ ಸೀಮೆಗೆ ದೀರ್ಘಕಾಲದ ಪರಿಹಾರ. ಮಳೆಯ ನೀರಿನಲ್ಲಂತೂ ಅದು ಇಲ್ಲವೆನ್ನುವಷ್ಟು ಕಡಿಮೆ. ಅಂದರೆ ಒಂದು ಕಾಲಕ್ಕೆ ಕೈಬಿಡಿ ಎಂದ ಊರ ಕೆರೆಯೇ ಫ್ಲೋರೈಡಿನ ಲೆಕ್ಕದಲ್ಲಿ ಬೋರಿಗಿಂತ ಒಳ್ಳೆಯದು. ಕೆರೆಗೆ ಬೇಲಿ ಹಾಕಿ, ಯಾರೂ ಇಳಿಯದಂತೆ ನೋಡಿಕೊಂಡು, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಕೊಡಬೇಕು. ಎರಿನಾಡಿನ ಊರುಗಳ ಕುಡಿಯುವ ನೀರಿನ ಕೆರೆಗಳನ್ನು ಹೂಳೆತ್ತಿ ಉಳಿಸಿಕೊಳ್ಳುವುದು ಆರೋಗ್ಯ ಇಲಾಖೆಯ ಕೆಲಸವೂ ಹೌದು.

ಫ್ಲೋರೋಸಿಸ್ ತಡೆಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮ 2008–09ರಲ್ಲಿ ಆರಂಭವಾಯಿತು. 2019ರಲ್ಲಿ ಬಂದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕೆಂದು ವಿಧಿಸಿದೆ. ಕಿಟ್‌ನ ಚಿಕ್ಕ ಶೀಶೆಗೆ ನೀರು ಹಾಕಿ ಕಾರಕದ ಹನಿ ಬಿಟ್ಟು, ಬಂದ ಬಣ್ಣವನ್ನು ಪಟ್ಟಿಯ ಬಣ್ಣಗಳ ಜೊತೆ ಹೋಲಿಸಿದರೆ ಫ್ಲೋರೈಡಿನ ಅಂದಾಜು ಮಟ್ಟ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಮಳೆಗಾಲದ ಮೊದಲೊಮ್ಮೆ, ಆಮೇಲೊಮ್ಮೆ ಊರಿನ ಎಲ್ಲ ಬೋರುಗಳ ನೀರನ್ನು ಹೀಗೆ ನೋಡಬೇಕು. ಮಿತಿ ಮೀರಿದ ಕೈಪಂಪಿಗೆ ಕೆಂಪು ಬಣ್ಣ ಬಳಿದು, ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಮಾತ್ರ ಬಿಡಬೇಕು. ಕುಡಿಯಲು ಮತ್ತು ಅಡುಗೆಗೆ ಬೇರೆ ನೀರು ಮೊದಲು ಸಲ್ಲಬೇಕಾದದ್ದು ಬಸುರಿಯರಿರುವ ಮತ್ತು ಎಂಟು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗೆ.